ಹಾಯಿ ಹೊಲಿದವರ ವಿಮಾನ

ಹೊರಡುವ ಮೊದಲು

ಈ ಪ್ರಯಾಣದ ಕತೆಯನ್ನು ಈಗಾಗಲೇ ಮೂರು ಕಡೆ ಹೇಳಿದ್ದೇನೆ. ವಸ್ತಾರೆಯಲ್ಲಿ ಹೇಳುವಾಗ ಸಮುದ್ರದಲ್ಲಿ ಬಿರುಗಾಳಿ ಎದ್ದಿತ್ತು. ಗೋಣಿಬೀಡಿನಲ್ಲಿ ಹೇಳುವಾಗ ಸಮುದ್ರ ಕೆರೆಯ ಹಾಗೆ ಮಲಗಿತ್ತು. ಮನೆಯಲ್ಲಿ ಅತ್ತಿಗೆಗೆ ಹೇಳುವಾಗ ಸಮುದ್ರವನ್ನೇ ಬಿಟ್ಟುಬಿಟ್ಟೆ. ಅವರಿಗೆ ಬೇಕಾಗಿದ್ದದ್ದು ಅಲ್ಲಿ ನಾನು ಏನು ತಿಂದೆ ಎಂಬುದು. ಬರೆದರೆ ಒಂದು ಕಡೆ ನಿಲ್ಲಬಹುದು ಎಂದು ಕೂತಿದ್ದೇನೆ. ನಿಲ್ಲದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ನಾನು ಗೋಣಿಬೀಡಿನ ಹತ್ತಿರದ ಒಂದು ಇಂಗ್ಲಿಷ್ ದೊರೆಯ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ, ಮಳೆಯ ಇಂಚು, ಬಂಡಿಗೆ ಹೋದ ಪಾರ್ಚ್‌ಮೆಂಟ್ ಕಾಫಿಯ ಮೂಟೆ, ಇಷ್ಟು ನನ್ನ ಬರವಣಿಗೆ. ನಮ್ಮದೇ ಸಣ್ಣ ತೋಟ ಆಲ್ದೂರಿನ ಆಚೆ ಇದೆ, ಅಣ್ಣ ನೋಡಿಕೊಳ್ಳುತ್ತಾನೆ. ತೋಟದ ಏರಿನಲ್ಲಿ ಹದಿನೇಳು ಗಂಧಗರಿಗೆ ಮರಗಳು. ಅಜ್ಜ ಕಾಡು ಸವರಿ ಕಾಫಿ ಹಾಕುವಾಗ ನೆರಳಿಗೆಂದು ಬಿಟ್ಟವು. ಅವು ಹೋದರೆ ಕೆಳಗಿನ ಕಾಫಿ ಎರಡು ಬೇಸಿಗೆ ತಡೆಯುವುದಿಲ್ಲ.

ಆ ಮರಗಳನ್ನು ಮಾರುವ ಮಾತು ಎತ್ತಿದವನು ನಾನೇ. ಹೊಸದು ಎಂದರೆ ನನಗೆ ಹುಚ್ಚು. ಕಣದ ಕಾಫಿ ಬೇಗ ಒಣಗಲೆಂದು ದೊಡ್ಡ ಬೀಸಣಿಗೆ ಯಂತ್ರ ಕಟ್ಟಿ, ಅರ್ಧ ಕಣವನ್ನು ಚರಂಡಿಗೆ ಹಾರಿಸಿದವನು ನಾನು. ಒಂದು ದಿನ ದೊರೆ ತಮ್ಮ ಊರಿನ ವಿಮಾನದ ಕಾರ್ಖಾನೆಯ ವಿಷಯ ಹೇಳಿದರು. ಆ ದೇಶದಲ್ಲಿ ಮೊದಲಿಗೆ ವಿಮಾನ ಕಟ್ಟಿದವರಲ್ಲಿ ಆ ಕಾರ್ಖಾನೆಯವರೂ ಸೇರಿದ್ದಾರಂತೆ. ಮಹಾಯುದ್ಧದ ಕಾಲದಲ್ಲಿ ತಕ್ಕ ಮರ ಸಿಗದೆ ಒದ್ದಾಡಿದರಂತೆ. ಹಗುರವಾಗಿ, ನೇರ ಎಳೆಯಿರುವ ಮರ ಎಲ್ಲಿದ್ದರೂ ತರಿಸಿ ನೋಡುತ್ತಾರಂತೆ. ಹಗುರ, ನೇರ ಎಳೆ! ಮರುದಿನವೇ ಆಲ್ದೂರಿನ ಬಸ್ಸು ಹತ್ತಿದೆ.

"ನಮ್ಮ ಮರ ಹಾರ್ತದೆ ಅಣ್ಣ" ಎಂದೆ.

ಅಣ್ಣ ಎರಡು ದಿನ ಏರಿನಲ್ಲೇ ಓಡಾಡಿಕೊಂಡಿದ್ದ. ಮೂರನೆಯ ದಿನ, "ಆಗ್ಲಿ ಮಾರಾಯ. ಒಂದು ಮರ ಕಡಿದು ಮಾದರಿ ಕಳಿಸ್ತೇನೆ. ಅವರು ಒಪ್ಪಿದ್ರೆ ಉಳಿದ ಹದಿನಾರೂ ಹೋಗ್ಲಿ. ಓದಿದವನು ನೀನು, ನಿನ್ನ ಮಾತೇ ಮಾತು" ಎಂದ. ಅಷ್ಟರಲ್ಲಿ ದೊರೆ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡು ಊರಿಗೆ ಹೊರಟರು. ದಾರಿಯಲ್ಲಿ ಅವರಿಗೆ ಒಬ್ಬರು ಬೇಕಾಗಿತ್ತು. ನಾನು ಹೊರಟೆ. ಹೊರಡುವ ವಾರ, ಗೋಣಿತಟ್ಟಿನಲ್ಲಿ ಸುತ್ತಿದ ಮರದ ಆರು ಪಟ್ಟಿಗಳು ಬಸ್ಸಿನಲ್ಲಿ ಗೋಣಿಬೀಡಿಗೆ ಬಂದವು. ಜೊತೆಗೊಂದು ಚೀಟಿ: "ಒಪ್ಪಿದರೆ 'ಸರಿ' ಅಂತ ತಂತಿ ಕೊಡು. ಗರಗಸದವರಿಗೆ ಹೇಳಿ ಇಟ್ಟಿರುತ್ತೇನೆ."

ಮರ ಪಾಸಾಗಲಿ ಎಂದೇ ನಾನು ಹೊರಟದ್ದು. ಒಳಗೆ ಹೆದರಿಕೆಯೂ ಇತ್ತು ಎಂದು ಈಗ ಅನ್ನಿಸುತ್ತದೆ. ಆಗಲೇ ಇತ್ತೋ, ಬರೆಯುವಾಗ ಬಂದು ಸೇರಿಕೊಂಡಿತೋ ತಿಳಿಯದು.

ಹಡಗು

ಕಡೂರಿನಲ್ಲಿ ರೈಲು, ಮುಂಬಯಿಯಲ್ಲಿ ಹಡಗು. ದೊರೆಗೆ ಮೇಲೆ ಕೋಣೆ, ನನಗೆ ಕೆಳಗೆ. ಬಿರುಗಾಳಿ ಇರಲಿಲ್ಲ, ವಸ್ತಾರೆಯವರು ಕ್ಷಮಿಸಬೇಕು. ನೀರಿನ ಕೊಳವೆಯೊಂದು ಒಡೆದು ನಮ್ಮ ಕೋಣೆಯಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು ನಿಂತಿತ್ತು. ಗೋಣಿತಟ್ಟಿನ ಗಂಟು ಇಡೀ ರಾತ್ರಿ ಅದರಲ್ಲೇ ನೆನೆಯಿತು. ಮೇಲೆ ತಂದು ಬಿಸಿಲಿಗೆ ಹರವಿದೆ. ದಿನವೂ ಮೂರು ಸಲ ಪಟ್ಟಿಗಳನ್ನು ಮಗುಚಿ ಹಾಕುತ್ತಿದ್ದೆ. ಒಬ್ಬ ಬಿಳಿ ಹೆಂಗಸು ತುಂಬ ಹೊತ್ತು ನೋಡಿ, ಇದು ನಿಮ್ಮ ಪೂಜೆಯೋ ಎಂದು ಕೇಳಿದಳು. ಹೌದು ಎಂದೆ. ಮರುದಿನದಿಂದ ಆ ಕಡೆ ಯಾರೂ ಕುರ್ಚಿ ಹಾಕಲಿಲ್ಲ.

ನದಿಬಾಯಿಯ ಊರು

ದೊರೆಯನ್ನು ಅವರ ತಂಗಿಯ ಮನೆಗೆ ಮುಟ್ಟಿಸಿ, ಅವರು ಕೊಟ್ಟ ಕಾಗದ ಹಿಡಿದು ಕಾರ್ಖಾನೆಯ ಊರಿಗೆ ಬಂದೆ. ನದಿ ಕಡಲಿಗೆ ಸೇರುವ ಕಡೆ, ಕೆಸರು ಮತ್ತು ಮಂಜು. ನಮ್ಮ ಮಂಜು ಹತ್ತು ಗಂಟೆಗೆ ಬೆಟ್ಟ ಬಿಟ್ಟು ಹೋಗುತ್ತದೆ. ಅಲ್ಲಿಯದು ಹೋಗುವುದೇ ಇಲ್ಲ, ಹೊಗೆಯ ಜೊತೆ ಸಂಸಾರ ಹೂಡಿದೆ. ಇಡೀ ಬೀದಿ ನಡೆದರೂ ಎಲ್ಲಿಂದ ಬಂದೆ, ಯಾರ ಪೈಕಿ, ಊಟ ಆಯಿತೇ ಎಂದು ಒಬ್ಬರೂ ಕೇಳಲಿಲ್ಲ. ಮೊದಲ ದಿನ ಅವಮಾನವಾಯಿತು. ಮೂರನೆಯ ದಿನ ಹಾಯೆನಿಸಿತು.

ಉಳಿದುಕೊಂಡದ್ದು ಮಿಸೆಸ್ ಪೆಲ್ ಎಂಬ ವಿಧವೆಯ ಮನೆಯಲ್ಲಿ. ನಲವತ್ತರ ಹತ್ತಿರದ ಹೆಂಗಸು, ಅದೇ ಕಾರ್ಖಾನೆಯಲ್ಲಿ ರೆಕ್ಕೆಯ ಬಟ್ಟೆ ಹೊಲಿಯುವವರ ಮೇಲ್ವಿಚಾರಕಿ. ಆಕೆಯ ಇಂಗ್ಲಿಷಿಗೂ ನಮ್ಮ ದೊರೆಯ ಇಂಗ್ಲಿಷಿಗೂ ಸಂಬಂಧವಿರಲಿಲ್ಲ. ಅದು ನನ್ನ ಕಿವಿಗೆ ನಮ್ಮ ಅತ್ತಿಗೆಯ ಮಾತಿನ ಹಾಗೆ ಕೇಳಿಸುತ್ತಿತ್ತು, ಹಾಗೇ ಬರೆಯುತ್ತೇನೆ.

"ಕಾಫಿ ದೇಶದಿಂದ ಬಂದೋರು ನೀವು, ನಿಮಗೆ ಕಾಫಿಯೇ ಮಾಡ್ತೇನೆ" ಎಂದು ಒಂದು ಬಾಟಲಿ ತೆಗೆದರು. ಜೋನಿ ಬೆಲ್ಲದ ಹಾಗಿನ ಕಪ್ಪು ರಸ. ಎರಡು ಚಮಚ ಬಿಸಿನೀರಿಗೆ ಹಾಕಿ ಕೊಟ್ಟರು. ನಮ್ಮ ಬೆಟ್ಟದ ಮೂಟೆಗಳೆಲ್ಲ ವಿಲಾಯಿತಿಗೆ ಹೋಗುತ್ತವೆ ಎಂದು ಹುಟ್ಟಿದಾಗಿನಿಂದ ಕೇಳಿದ್ದೆ. ಈ ಮನೆಗಂತೂ ಒಂದು ಬೀಜವೂ ಬಂದಂತಿರಲಿಲ್ಲ.

"ಹೇಗಿದೆ?"

"ಬಿಸಿಯಾಗಿದೆ" ಎಂದೆ. ಅದು ನಿಜವಾಗಿತ್ತು.

ಗೇಟು

ಕಾಗದ ಒಳಗೆ ಹೋಗಿ ಬರುವವರೆಗೆ ಕೂತಿರಲು ಹೇಳಿ, ಆಫೀಸಿನವನು ಕಾರ್ಖಾನೆಯ ಚರಿತ್ರೆಯ ಪುಟ್ಟ ಪುಸ್ತಕ ಕೊಟ್ಟ. ಅದರ ಪ್ರಕಾರ, ಇಬ್ಬರು ಅಣ್ಣತಮ್ಮಂದಿರು. ತಂದೆಯ ಕಾಲದಿಂದ ಹಡಗಿನ ಹಾಯಿ ಹೊಲಿಯುವ ಅಂಗಡಿ. ಉಗಿಹಡಗು ಬಂದು ಹಾಯಿ ಕೇಳುವವರಿಲ್ಲದಾಗ ಸರ್ಕಸ್ಸಿನ ಡೇರೆ ಹೊಲಿದರು. ಡೇರೆ ಹೊಲಿದ ಕೈಯಲ್ಲೇ ಗ್ಯಾಸಿನ ಬಲೂನು ಹೊಲಿದರು. ಆಮೇಲೆ ತಮ್ಮನಿಗೆ ವಿಮಾನದ ಕನಸು ಬಿತ್ತು, ಅಣ್ಣ ಬೆನ್ನಿಗೆ ನಿಂತ. ಅವರ ಮೊದಲ ವಿಮಾನ ತಮ್ಮನನ್ನು ಕೂರಿಸಿಕೊಂಡು ನದಿಯನ್ನು ದಾಟಿ ಆಚೆಯ ದಡದಲ್ಲಿ ಹಕ್ಕಿಯಂತೆ ಇಳಿಯಿತು. ಜನರು ಟೋಪಿ ಹಾರಿಸಿದರು. ಗೋಡೆಯ ಮೇಲೆ ಅದೇ ದೃಶ್ಯದ ಚಿತ್ರವಿತ್ತು.

ಗೇಟಿನ ಮುದುಕ ಪುಸ್ತಕವನ್ನು ನೋಡಿ ಮೂಗು ಮುರಿದ. "ನದಿ ದಾಟಿತಂತೆ! ಈ ಗೇಟಿನಷ್ಟು ಎತ್ತರಕ್ಕೆ ಎದ್ದು ಕೆಸರಲ್ಲಿ ಕೂತ್ಕೊಂಡಿತು. ಇಲ್ಲೇ ನಿಂತಿದ್ದೆ, ಕಣ್ಣಾರೆ ಕಂಡಿದ್ದೇನೆ."

"ಗೇಟು ಆಗಲೇ ಇತ್ತೆ?"

ಮುದುಕ ಗೇಟಿನ ಕಡೆ ತಿರುಗಿ ನೋಡಿದ. "ಇರಲಿಲ್ಲ" ಎಂದ. ಅದರಿಂದ ಅವನಿಗೇನೂ ತೊಂದರೆಯಾದಂತೆ ಕಾಣಲಿಲ್ಲ.

ಮರದ ಶೆಡ್ಡು

ಮರ ಪರೀಕ್ಷಿಸುವವನ ಹೆಸರು ಡಾಬ್ಸ್. ಹೆಬ್ಬೆರಳಿನ ತುದಿ ಇಲ್ಲದ, ಮಾತು ಕಡಿಮೆಯ ಮನುಷ್ಯ. ನನ್ನ ಗಂಟು ಬಿಚ್ಚಿ ಒಂದು ಪಟ್ಟಿಯನ್ನು ಮೂಸಿದ, ಉಗುರಿನಿಂದ ಒತ್ತಿದ, ಕಿವಿಯ ಹತ್ತಿರ ಹಿಡಿದು ತಟ್ಟಿದ. ಅವನು ತಟ್ಟುತ್ತಿದ್ದದ್ದನ್ನು ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಪಟ್ಟಿಯ ತುದಿಯಿಂದ ಒಂದು ಸಿಬಿರು ಮುರಿದು ಬಾಯಿಗಿಟ್ಟು ಕಚ್ಚಿದೆ.

ಕಣದಲ್ಲಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಕಾಫಿ ಒಣಗಿದೆಯೇ ಎಂದು ನೋಡುವುದು ಹಲ್ಲಿನಲ್ಲಿ. ಬೀಜದ ಮೇಲೆ ಹಲ್ಲು ಇಳಿದರೆ ಹಸಿ, ಚಟ್ಟೆಂದರೆ ಒಣಗಿದೆ. ನಮ್ಮ ಕೈಯಲ್ಲಿ ಏನು ಸಿಕ್ಕರೂ ಕಚ್ಚಿ ನೋಡುವುದೇ.

ಶೆಡ್ಡಿನಲ್ಲಿ ಕೆಲಸ ನಿಂತಿತು. ಡಾಬ್ಸ್ ಕೇಳಿದ, "ಪೆಲ್ಲಮ್ಮ ತಿಂಡಿ ಕೊಡಲಿಲ್ಲವೇನಯ್ಯಾ?"

ಎಲ್ಲರೂ ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಹಲ್ಲು ಇಳಿದಿತ್ತು. "ಹಸಿ ಇದೆ" ಎಂದೆ.

ಡಾಬ್ಸ್ ಸಿಬಿರನ್ನು ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿದ. ಅರ್ಧ ಗಂಟೆ ಹಿಡಿಯಿತು. ಆಮೇಲೆ ನನ್ನ ಬಾಯಿಯ ಕಡೆ ಮರ್ಯಾದೆಯಿಂದ ನೋಡಿದ. "ಹಸಿಯೇ. ಒಲೆಯಿರುವ ಕೋಣೆಯಲ್ಲಿ ಹತ್ತು ದಿನ ಇಡು. ಒಲೆಗೆ ಹತ್ತಿರ ಬೇಡ. ಆಮೇಲೆ ತಾ."

ಒಲೆ

ಪಟ್ಟಿಗಳನ್ನು ಮಿಸೆಸ್ ಪೆಲ್ ಅವರ ಅಡಿಗೆಕೋಣೆಯ ಮೂಲೆಯಲ್ಲಿ ನಿಲ್ಲಿಸಿದೆ. ಹತ್ತು ದಿನ ನನಗೆ ಕೆಲಸವಿರಲಿಲ್ಲ. ಊರು ಸುತ್ತಿದೆ. ಮಳೆ ಬಂದರೆ ಜನ ಓಡುವುದಿಲ್ಲ, ಅಂಗಡಿಯ ಮುಂದೆ ಒಬ್ಬರ ಹಿಂದೆ ಒಬ್ಬರು ನಿಂತು ನೆನೆಯುತ್ತಾರೆ. ಮಧ್ಯಾಹ್ನ ಕಾರ್ಖಾನೆಯ ಸಿಳ್ಳಿಗೆ ಇಡೀ ಊರು ಬುತ್ತಿ ಬಿಚ್ಚುತ್ತದೆ. ನಮ್ಮಲ್ಲಿ ಬುತ್ತಿ ಬಿಚ್ಚಿದರೆ ಪಕ್ಕದವನಿಗೆ ಒಂದು ತುತ್ತು ನೀಡದೆ ತಿನ್ನುವುದುಂಟೆ? ಇವರು ಬುತ್ತಿಗೆ ಬೆನ್ನು ತಿರುಗಿಸಿ ತಿನ್ನುತ್ತಾರೆ, ತಿಂದಾದ ಮೇಲೆ ಎಲ್ಲರಿಗೂ ತಂಬಾಕು ಹಂಚುತ್ತಾರೆ.

ಏಳನೆಯ ದಿನವೋ ಎಂಟನೆಯ ದಿನವೋ, ಬೆಳಿಗ್ಗೆ ಏಳುತ್ತಲೇ ತುಂಬ ಸಂತೋಷವಾಗಿತ್ತು. ಏಕೆಂದು ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ. ಆಲ್ದೂರಿನ ಮನೆಯಲ್ಲಿ ಮಲಗಿದ ಹಾಗಿತ್ತು. ಅಣ್ಣ ಅಂಗಳದಲ್ಲಿ ಮರ ಕೆತ್ತುವಾಗ ಬರುವ ಆ ಸಿಹಿ ವಾಸನೆ.

ಆಮೇಲೆ ಅರ್ಥವಾಗಿ ಮೆಟ್ಟಿಲು ಹಾರಿ ಇಳಿದೆ.

ಒಲೆಯಲ್ಲಿ ಗಂಧಗರಿಗೆ ಉರಿಯುತ್ತಿತ್ತು. ಮಿಸೆಸ್ ಪೆಲ್ ಅದರ ಮೇಲೆ ನನ್ನ ಕಾಫಿಗೆ ನೀರಿಟ್ಟಿದ್ದರು. "ಎಂಥಾ ಪರಿಮಳ ಈ ಸೌದೆಗೆ! ಕತ್ತಲಲ್ಲಿ ಕೈಗೆ ಸಿಕ್ಕಿತು, ಸೀಳಿ ಹಾಕಿದೆ. ಯಾವ ಮರ ಇದು?" ಎಂದವರು ನನ್ನ ಮುಖ ನೋಡಿ ಮೂಲೆಯ ಕಡೆ ನೋಡಿದರು. ಐದು ನಿಂತಿದ್ದವು. ಆ ಹೆಂಗಸು ಅಲ್ಲೇ ಕುಕ್ಕರಿಸಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡರು. ಸಮಾಧಾನ ಮಾಡಬೇಕಾದವನು ನಾನಾದೆ. ಸಮಾಧಾನ ಮಾಡುತ್ತ ಎಲ್ಲವನ್ನೂ ಹೇಳಿದೆ, ಅಣ್ಣ, ಹದಿನೇಳು ಮರ, ಅವುಗಳ ಕೆಳಗಿನ ಕಾಫಿ, ತಂತಿ.

ಆಕೆ ಮುಖ ಒರೆಸಿಕೊಂಡು ಕೇಳಿದರು, "ಅಣ್ಣನಿಗೆ ಇದು ಇಷ್ಟವೇ?"

"ಅವನೇ ಮರ ಕಡಿದು ಕಳಿಸಿದ್ದು" ಎಂದೆ.

"ನಾನು ಕೇಳಿದ್ದು ಅದಲ್ಲ" ಎಂದರು. ಆದರೆ ಅಷ್ಟರಲ್ಲಿ ಕಾರ್ಖಾನೆಯ ಸಿಳ್ಳು ಕೂಗಿತು.

ಸೀಸದ ಗುಂಡು

ಪರೀಕ್ಷೆ ಸರಳವಾದದ್ದು. ಪಟ್ಟಿಯ ಎರಡು ತುದಿಗಳನ್ನು ಎರಡು ಕಬ್ಬಿಣದ ದಿಮ್ಮಿಗಳ ಮೇಲಿಟ್ಟು, ನಡುವೆ ಕೊಕ್ಕೆ ಹಾಕಿ ಬಕೆಟ್ಟು ತೂಗುಬಿಡುತ್ತಾರೆ. ಬಕೆಟ್ಟಿಗೆ ಸೀಸದ ಗುಂಡು ಸುರಿಯುತ್ತ ಹೋಗುತ್ತಾರೆ, ಮುರಿಯುವವರೆಗೆ. ಮುರಿದಾಗ ಬಕೆಟ್ಟನ್ನು ತೂಗುತ್ತಾರೆ.

ಮೊದಲನೆಯದು ಅರ್ಧ ಬಕೆಟ್ಟಿಗೇ ಮುರಿಯಿತು. ಎರಡನೆಯದು ಬಾಗುತ್ತ ಬಾಗುತ್ತ ಮುಕ್ಕಾಲಿಗೆ ಹೋಯಿತು. ಮೂರನೆಯದಕ್ಕೆ ಬಕೆಟ್ಟು ತುಂಬಿದರೂ ಏನೂ ಆಗಲಿಲ್ಲ. ಮೇಲೆ ಇನ್ನೊಂದು ತೂಕ ಇಟ್ಟರು. ಕೊಕ್ಕೆ ಬಗ್ಗಿತು. ಬೇರೆ ಕೊಕ್ಕೆ ಹಾಕಿದರು. ಆಗ ಮುರಿಯಿತು. "ಅಬ್ಬಾ" ಎಂದ ಡಾಬ್ಸ್. ಸಂತೋಷ ಪಡಬೇಕಾದ ಗಳಿಗೆಯಲ್ಲಿ ನಾನು ಲೆಕ್ಕ ಹಾಕುತ್ತಿದ್ದದ್ದು ಏರಿನ ಬಿಸಿಲನ್ನು. ಹದಿನಾರು ಮರ ಹೋದ ಮೇಲೆ ಮಧ್ಯಾಹ್ನದ ಬಿಸಿಲು ಎಲ್ಲಿಂದ ಎಲ್ಲಿಗೆ ಬೀಳುತ್ತದೆ ಎಂದು. ಇದನ್ನು ಮಾತ್ರ ನಾನು ಆಮೇಲೆ ಸೇರಿಸಿದ್ದಲ್ಲ.

ನಾಲ್ಕನೆಯದು ಮೊದಲನೆಯದರ ಹಾಗೆ ಬೇಗ ಹೋಯಿತು. ಐದನೆಯದು ತಿರುಚಿಕೊಂಡು ದಿಮ್ಮಿಯಿಂದಲೇ ಜಾರಿತು.

ಡಾಬ್ಸ್ ಮುರಿದ ತುದಿಗಳನ್ನೆಲ್ಲ ಬೆಳಕಿಗೆ ಹಿಡಿದ. "ಮರ ಒಳ್ಳೆಯದು. ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಎಲ್ಲ ಒಂದೇ ಹಾಗೆ ಮುರಿಯುವ ಮರ ನಮಗೆ ಬೇಕು. ಇದು ಕಾಂಡದ್ದಲ್ಲ, ಕೊಂಬೆಯದು. ಕೊಂಬೆ ಒಂದು ಮಗ್ಗುಲಲ್ಲಿ ಬಿಗಿ, ಇನ್ನೊಂದು ಮಗ್ಗುಲಲ್ಲಿ ಸಡಿಲ. ಯಾರು ಕೊಯ್ದದ್ದು?"

"ನಮ್ಮಣ್ಣ."

"ಅವನಿಗೆ ಮರ ಗೊತ್ತಿಲ್ಲವೇ?"

ತಟ್ಟಿ ನೋಡಿ ಮರದ ವಯಸ್ಸು ಹೇಳುವವನು ನಮ್ಮಣ್ಣ. ಕಡಿದ ಮರದ ಕಾಂಡವನ್ನು ಮನೆಯ ತೊಲೆಗೆ ಇಟ್ಟುಕೊಂಡು ಕೊಂಬೆ ಕಳಿಸಿದನೇನೋ ಎಂದು ನನಗೆ ಸಿಟ್ಟು ಬಂತು. ಕಾಂಡದ್ದು ತರಿಸಿದರೆ ಮತ್ತೆ ನೋಡುತ್ತೀರಾ ಎಂದು ಕೇಳಿದೆ.

ಡಾಬ್ಸ್ ನನ್ನನ್ನು ಪಕ್ಕದ ಶೆಡ್ಡಿಗೆ ಕರೆದುಕೊಂಡು ಹೋದ. ಅಲ್ಲಿ ಮರದ ವಾಸನೆಯೇ ಇರಲಿಲ್ಲ. ಬೆಳ್ಳನೆಯ ಲೋಹದ ದೊಡ್ಡ ಪಕ್ಕೆಲುಬುಗಳು ಸಾಲಾಗಿ ನಿಂತಿದ್ದವು, ಹೆಂಗಸರು ಅವಕ್ಕೆ ಮೊಳೆ ಬಡಿಯುತ್ತಿದ್ದರು. ಯುದ್ಧ ಮುಗಿದು ಕೆಲಸವಿಲ್ಲದೆ ಎರಡು ವರ್ಷ ಬಸ್ಸಿನ ಮೈ ಕಟ್ಟಿ ಬದುಕಿದ್ದ ಕಾರ್ಖಾನೆ ಈಗ ಅಲ್ಯೂಮಿನಿಯಂ ಹಿಡಿದಿತ್ತು.

"ಬರುವ ವರ್ಷ ಎಲ್ಲಾ ಇದೇ. ನೀನು ಮರ ತರುವ ಹೊತ್ತಿಗೆ ಮರದ ಶೆಡ್ಡು ಇರುವುದಿಲ್ಲ. ನಾನೂ ಇರುವುದಿಲ್ಲ" ಎಂದ. "ಇದನ್ನು ಕಚ್ಚಿ ನೋಡುತ್ತೀಯಾ?"

ನನಗೆ ನಗು ಬಂತು. ನಿಲ್ಲಿಸಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು. ಅವನು ಕೆಲಸ ಕಳೆದುಕೊಳ್ಳುವ ಮಾತು ಹೇಳಿದಾಗ ನಕ್ಕೆನಲ್ಲ ಎಂದು ನಾಚಿಕೆಯೂ ಆಯಿತು. ಕ್ಷಮೆ ಕೇಳಿದೆ. "ಪರವಾಗಿಲ್ಲ. ನಿನ್ನ ಮರಗಳು ಬದುಕಿದವು. ಇಲ್ಲಿ ಯಾರಾದರೂ ಒಬ್ಬರಿಗೆ ಒಳ್ಳೆಯದಾಗಲಿ" ಎಂದು ಬೆನ್ನು ತಟ್ಟಿದ.

ಊಟದ ಮೇಜು

ಸಂಜೆ ಮಿಸೆಸ್ ಪೆಲ್ ಸುದ್ದಿ ಕೇಳಿ ನಿಟ್ಟುಸಿರು ಬಿಟ್ಟು, ಆಲೂಗೆಡ್ಡೆಯನ್ನು ನನ್ನ ತಟ್ಟೆಗೆ ಎರಡು ಸಲ ಬಡಿಸಿದರು. ನಾನು ಆಫೀಸಿನ ಪುಸ್ತಕದ ವಿಷಯ ತೆಗೆದೆ. ಮೊದಲ ವಿಮಾನ ನದಿ ದಾಟಿತೋ, ಗೇಟಿನಷ್ಟು ಎದ್ದಿತೋ?

"ಎರಡೂ ಇಲ್ಲ. ಏಳಲೇ ಇಲ್ಲ. ಹೊಲಿದವಳು ನಾನು, ನನಗೆ ಗೊತ್ತಿಲ್ಲವಾ?"

ಅವರು ಮೇಜಿನ ಬಟ್ಟೆಯನ್ನು ಕೈಯಲ್ಲಿ ಹಿಡಿದು ತೋರಿಸಿದರು. "ಹಾಯಿಗೆ ಹೊಟ್ಟೆ ಬಿಟ್ಟು ಹೊಲಿಯಬೇಕು. ಗಾಳಿ ಬಂದು ಕೂರೋದು ಆ ಹೊಟ್ಟೆಯಲ್ಲಿ. ರೆಕ್ಕೆಗೆ ಹಾಗಲ್ಲ, ತಮಟೆಯ ಚರ್ಮದ ಹಾಗೆ ಬಿಗಿ ಇರಬೇಕು. ಚಿಕ್ಕ ಯಜಮಾನರು ಬಂದು 'ಬಿಗಿಯಾಗಿ ಹೊಲಿ ಮೇರಿ' ಅಂತ ಹೇಳಿ ಹೋದ್ರು. ಅವರೇ ಅದರಲ್ಲಿ ಕೂತು ಹಾರೋರು. ಅವರು ಹೋದ ಮೇಲೆ ದೊಡ್ಡ ಯಜಮಾನರು ಬಂದ್ರು. ಬಟ್ಟೆ ಮುಟ್ಟಿ ನೋಡಿದ್ರು. 'ಯಾವಾಗಿನ ಹಾಗೇ ಹೊಲಿ, ಹಾಯಿ ಹೊಲಿದ ಹಾಗೆ' ಅಂದ್ರು. ನನಗೆ ಹದಿನೆಂಟು ವರ್ಷ. ದೊಡ್ಡೋರು ಹೇಳಿದ ಹಾಗೆ ಹೊಲಿದೆ."

"ಆಮೇಲೆ?"

"ಗದ್ದೆಯಲ್ಲಿ ಓಡಿತು. ಬಟ್ಟೆ ಪಟಪಟ ಹೊಡ್ಕೊಂಡಿತು. ಕಾಲಿಗೆ ದಾರ ಕಟ್ಟಿದ ಕೋಳಿಯ ಹಾಗೆ ಒಂದು ಸುತ್ತು ತಿರುಗಿ ಕೆಸರಲ್ಲಿ ಕೂತಿತು. ಎಲ್ಲರೂ ಚಿಕ್ಕೋರ ಮುಖ ನೋಡ್ತಿದ್ರು. ನಾನು ದೊಡ್ಡೋರ ಮುಖ ನೋಡಿದೆ. ಜ್ವರ ಬಿಟ್ಟವರ ಮುಖ ಇತ್ತು."

"ಗೊತ್ತಿದ್ದೇ ಹೇಳಿದ್ದರೇ?"

"ಅವರು ಇರುವಾಗ ನಾನು ಕೇಳಲಿಲ್ಲ. ಇನ್ನು ಯಾರನ್ನು ಕೇಳಲಿ? ಮುಂದಿನ ವರ್ಷ ಬಿಗಿಯಾಗಿ ಹೊಲಿದೆ, ಅದು ಹಾರಿತು. ಅವತ್ತು ತಮ್ಮನನ್ನು ಇಳಿಸಿ ಮೊದಲು ಹತ್ತಿ ಕೂತೋರು ದೊಡ್ಡೋರೇ." ತಟ್ಟೆಗಳನ್ನು ಎತ್ತುತ್ತ ಸೇರಿಸಿದರು: "ಪುಸ್ತಕದವರು ನನ್ನನ್ನು ಕೇಳಲಿಲ್ಲ. ಕೇಳಿದ್ರೂ ನಾನು ನದಿ ದಾಟಿತು ಅಂತಲೇ ಹೇಳ್ತಿದ್ದೆನೋ ಏನೋ."

ತಂತಿ ಆಫೀಸು

ಬೆಳಿಗ್ಗೆ BEDA ಎಂದು ನಾಲ್ಕೇ ಅಕ್ಷರ ಬರೆದು ಕೊಟ್ಟೆ. ಗುಮಾಸ್ತ ತಿರುಗಿಸಿ ತಿರುಗಿಸಿ ನೋಡಿ, ಇದು ಯಾರ ಹೆಸರು ಎಂದ. ಹೆಸರಲ್ಲ, ಸುದ್ದಿ ಎಂದೆ. ಒಳ್ಳೆಯ ಸುದ್ದಿಯೋ ಕೆಟ್ಟದೋ ಎಂದು ಕೇಳಿದ. ಆ ಊರಿನಲ್ಲಿ ಪರಿಚಯವಿಲ್ಲದೆಯೂ ನನ್ನ ವಿಷಯ ಕೇಳಿದ ಮೊದಲ ಮನುಷ್ಯ. ಅವನಿಗೆ ಎಲ್ಲ ಹೇಳೋಣವೆನಿಸಿತು. ಹಿಂದೆ ಆರು ಜನ ನಿಂತಿದ್ದರು. "ಒಳ್ಳೆಯದು" ಎಂದಷ್ಟೇ ಹೇಳಿ ಹೊರಗೆ ಬಂದೆ.

ತಂತಿಯ ಹಿಂದೆಯೇ ಅಣ್ಣನಿಗೆ ಉದ್ದದ ಕಾಗದ ಬರೆದೆ. ಬಕೆಟ್ಟು, ಗುಂಡು, ಬಗ್ಗಿದ ಕೊಕ್ಕೆ, ಅಲ್ಯೂಮಿನಿಯಂ, ಎಲ್ಲ ಇತ್ತು. ಕೊಂಬೆಯ ಮಾತು ಬರೆಯಲಿಲ್ಲ.

ಆಲ್ದೂರು

ಬಸ್ಸಿನಿಂದ ಇಳಿದಾಗ ಅಣ್ಣ ನಿಂತಿದ್ದ. ನೇರವಾಗಿ ಭಟ್ಟರ ಹೋಟೆಲಿಗೆ ಕರೆದುಕೊಂಡು ಹೋದ. ಮೂರು ತಿಂಗಳ ಮೇಲೆ ಕಾಫಿ ಕುಡಿದೆ. ಲೋಟ ಕೆಳಗಿಡುವ ಮೊದಲೇ ಭಟ್ಟರು ಮುಂದೆ ಬಂದು ನಿಂತರು.

"ಹೌದಾ ರೈಟರೇ, ನಮ್ಮ ಮರ ಅವರ ಮಷೀನನ್ನೇ ಮುರೀತಂತೆ? ಅದಕ್ಕೇ ಹೆದರಿ ಬೇಡ ಅಂದ್ರಂತೆ?"

ಅಣ್ಣ ಲೋಟದಲ್ಲಿ ಏನೋ ಬಿದ್ದಂತೆ ಒಳಗೆ ನೋಡುತ್ತಿದ್ದ.

"ಕೊಕ್ಕೆ ಬಗ್ಗಿದ್ದು ನಾನೇ ನೋಡಿದೆ" ಎಂದೆ.

"ನೋಡಿ!" ಎಂದರು ಭಟ್ಟರು, ಹೋಟೆಲಿನವರಿಗೆಲ್ಲ ಕೇಳುವಂತೆ. ಆಲ್ದೂರಿಗೆ ಒಂದು ಚರಿತ್ರೆ ಸಿಕ್ಕಿತು. ಇನ್ನು ಯಾರು ತಿದ್ದಿದರೂ ಅದು ತಿದ್ದಿಕೊಳ್ಳುವುದಿಲ್ಲ.

ಮನೆ ಮುಟ್ಟಿ, ಸ್ನಾನಕ್ಕೆ ಮೊದಲು ತೋಟ ನೋಡಿ ಬರುತ್ತೇನೆ ಎಂದು ಏರು ಹತ್ತಿದೆ. ಅಣ್ಣ ಹಿಂದೆ ಬಂದ. ಮಧ್ಯಾಹ್ನ, ಆದರೂ ಕಾಫಿಯ ಮೇಲೆ ಬಿಸಿಲು ಚಿಲ್ಲರೆ ಚಿಲ್ಲರೆಯಾಗಿ ಬಿದ್ದಿತ್ತು. ಕಡಿದ ಮರದ ಬುಡ ಎಲ್ಲಿದೆಯೆಂದು ಹುಡುಕಿದೆ. ಹದಿನಾರು ಇರಬೇಕು. ಎಣಿಸಿದೆ. ನನ್ನ ಎಣಿಕೆಯನ್ನು ನಾನೇ ನಂಬುವುದಿಲ್ಲ, ಆ ಕಡೆಯಿಂದ ಮತ್ತೆ ಎಣಿಸಿದೆ. ಕೊನೆಯ ಮರದಲ್ಲಿ, ಎರಡು ಆಳೆತ್ತರದಲ್ಲಿ, ಗಾಳಿಗೆ ಸೀಳಿಹೋದ ಒಂದು ದೊಡ್ಡ ಕೊಂಬೆಯ ಗುರುತಿತ್ತು. ಸೀಳಿನ ಬಾಯಿಯನ್ನು ಯಾರೋ ಗರಗಸದಿಂದ ನುಣುಪಾಗಿ ಕೊಯ್ದು, ನೀರು ಇಳಿಯದಂತೆ ಸಗಣಿ ಮೆತ್ತಿದ್ದರು.

ಹದಿನೇಳು.

"ಏನು ಎಣಿಸ್ತಿದ್ದೀಯ ಮಾರಾಯ?" ಎಂದ ಅಣ್ಣ.

"ಏನಿಲ್ಲ."

"ಮುಗೀತಲ್ಲ? ಬಾ, ನೀರು ಆರ್ತದೆ."

ಮುಖ ನೋಡೋಣವೆಂದು ತಿರುಗಿದೆ. ಅವನು ಆಗಲೇ ಏರಿಳಿದು ಮುಂದೆ ಮುಂದೆ ನಡೆದಿದ್ದ.